ಚಾರ್ಮಾಡಿಯಲ್ಲಿ ಮೇಪಲ್ ಬೇಡ ಮಾರಾಯ್ರೆ

ಶಿಮ್ಲಾದಲ್ಲಿ ಕೆಲಸಕ್ಕಿರುವ ನನ್ನ ತಂಗಿಯ ಮಗ ಹೋದ ವರ್ಷ ಜನವರಿಯಲ್ಲಿ ಊರಿಗೆ ಬಂದಿದ್ದ. ಬಂದವನೇ ಬ್ಯಾಗಿನಿಂದ ಒದ್ದೆ ಬಟ್ಟೆಯಲ್ಲಿ ಸುತ್ತಿದ ಒಂದು ಕಡ್ಡಿಯನ್ನು ತೆಗೆದು, ಮಗುವನ್ನು ಕೊಡುವ ಹಾಗೆ ಎರಡೂ ಕೈಯಲ್ಲಿ ಹಿಡಿದು ನನಗೆ ಕೊಟ್ಟ. "ಮಾವ, ಇದು ಜಪಾನೀಸ್ ಮೇಪಲ್. ನೀವು ಗಿಡ ಗಿಡ ಅಂತ ಸಾಯ್ತೀರಲ್ಲ, ಇದನ್ನು ಬೋನ್ಸಾಯ್ ಮಾಡಿ ನೋಡುವಾ."

ಒಂದೂವರೆ ಗೇಣು ಉದ್ದ, ಕಿರುಬೆರಳಿಗಿಂತ ಸಪೂರ. ಎಲೆ ಎಂಬುದು ಒಂದೂ ಇಲ್ಲ. ಅಮ್ಮ ಜಗಲಿಯಲ್ಲಿ ಕೂತು ಅಡಿಕೆ ಸುಲಿಯುತ್ತಿದ್ದವರು ಕನ್ನಡಕ ಸರಿ ಮಾಡಿಕೊಂಡು ನೋಡಿದರು. "ಇದೆಂತದು ಮಗಾ, ರೈಲಿನಲ್ಲಿ ಎರಡು ರಾತ್ರಿ ಹೊತ್ತುಕೊಂಡು ಬಂದದ್ದಾ? ನಮ್ಮಲ್ಲಿ ಕಟ್ಟಿಗೆಗೆ ಬರಗಾಲ ಉಂಟಾ?"

ನಾನು ನಗಲಿಲ್ಲ. ನನಗೆ ಆಗಲೇ ಹುಚ್ಚು ಹಿಡಿದಾಗಿತ್ತು. ಅಂಗೈಯಗಲದ ಕುಂಡದಲ್ಲಿ ಕೆಂಪು ಎಲೆ ತುಂಬಿಕೊಂಡ ಪುಟ್ಟ ಮರ, ಹಿಂದೆ ಚಾರ್ಮಾಡಿ ಘಾಟಿಯ ಹಸಿರು ಗುಡ್ಡ... ಫೋಟೋ ಕೂಡ ಮನಸ್ಸಿನಲ್ಲೇ ತೆಗೆದು ಆಗಿತ್ತು :)

ಈಗ ಎರಡು ಮಳೆಗಾಲ ಕಳೆದಿದೆ. ಆ ಗಿಡದಲ್ಲಿ ಈಗ ಏಳು ಎಲೆ ಉಂಟು. ದಿನಾ ಬೆಳಿಗ್ಗೆ ಎಣಿಸುತ್ತೇನೆ, ಹಾಗಾಗಿ ಲೆಕ್ಕ ತಪ್ಪುವುದಿಲ್ಲ. ನಮ್ಮ ಕಡೆಯ ಯಾರಾದರೂ ಇಂಥದ್ದೇ ಕಡ್ಡಿಗೆ ದುಡ್ಡು ಕೊಡಲು ಹೊರಟಿದ್ದರೆ, ಕೊಡುವ ಮೊದಲು ನನ್ನ ಕಥೆ ಸ್ವಲ್ಪ ಕೇಳಿ ಎಂದು ಇದನ್ನು ಬರೆಯುತ್ತಿದ್ದೇನೆ.

ಮೊದಲು ಆದ ಮೋಸ ಹೇಳುತ್ತೇನೆ. ಮೋಸ ಮಾಡಿದ್ದು ಯಾರೂ ಅಲ್ಲ, ಗಿಡವೇ. ಕುಂಡಕ್ಕೆ ಹಾಕಿ ಎರಡು ವಾರ ಆಗಿರಲಿಲ್ಲ, ಕಡ್ಡಿಯ ತುಂಬ ಜೋಡಿ ಜೋಡಿ ಮೊಗ್ಗು ಒಡೆಯಿತು. ಪುಟ್ಟ ಮಗುವಿನ ಬೆರಳು ಬಿಚ್ಚಿದ ಹಾಗೆ ಎಲೆಗಳು ಬಿಚ್ಚಿಕೊಂಡವು. ಇಷ್ಟು ಸಲೀಸಾ ಅಂತ ನಾನು ಬೀಗಿದೆ. ಬಂದ ನೆಂಟರನ್ನೆಲ್ಲ ಹಿತ್ತಿಲಿಗೆ ಕರೆದುಕೊಂಡು ಹೋಗಿ ತೋರಿಸಿದೆ. ಮೇಪಲ್ ನಮ್ಮಲ್ಲಿ ಬರುವುದಿಲ್ಲ ಅಂತ ಹೇಳಿದವರಿಗೆ "ಬನ್ನಿ, ನೋಡಿ" ಅಂತ ಫೋನು ಮಾಡಿದೆ.

ಅದು ಇಲ್ಲಿ ನಾನು ಬೆಳೆಸಿದ ಎಲೆ ಅಲ್ಲವೇ ಅಲ್ಲ ಎಂದು ಅರ್ಥವಾಗಲು ನನಗೆ ಒಂದು ವರ್ಷ ಬೇಕಾಯಿತು. ಮೇಪಲಿನಂಥ ಮರಗಳು ಬೇಸಿಗೆ ಮುಗಿಯುವಾಗ ಮುಂದಿನ ವರ್ಷದ ಮೊಗ್ಗನ್ನು ಕಟ್ಟಿ ಇಟ್ಟುಕೊಳ್ಳುತ್ತವೆ. ಹಗಲು ಗಿಡ್ಡವಾಗುತ್ತಾ ಬಂದು ರಾತ್ರಿ ತಣ್ಣಗಾದಾಗ ಎಲೆ ಉದುರಿಸಿ ಮಲಗುತ್ತವೆ. ಆಮೇಲೆ ಸುಮಾರು ಏಳು ಡಿಗ್ರಿಗಿಂತ ಕೆಳಗಿನ ಚಳಿಯನ್ನು ವಾರಗಟ್ಟಲೆ ಉಂಡ ಮೇಲೆಯೇ ಆ ಮೊಗ್ಗಿನ ಬೀಗ ತೆಗೆಯುವುದು. ನಮ್ಮ ಕಡ್ಡಿ ಬಂದದ್ದು ಜನವರಿಯಲ್ಲಿ, ಅಂದರೆ ಶಿಮ್ಲಾದ ಚಳಿಯನ್ನು ಹೊಟ್ಟೆ ತುಂಬ ಉಂಡು. ಇಲ್ಲಿಯ ಸೆಕೆ ತಾಗಿದ ಕೂಡಲೇ ವಸಂತ ಬಂತು ಅಂದುಕೊಂಡು ಎದ್ದುಬಿಟ್ಟಿತು. ನಾನು ಬೀಗಿದ್ದು ಅಲ್ಲಿಯ ಚಳಿಯ ಉಳಿತಾಯ ಖಾತೆಯಿಂದ ತೆಗೆದ ದುಡ್ಡಿನಲ್ಲಿ! ನನ್ನದೆಂತದೂ ಇಲ್ಲ ಅದರಲ್ಲಿ. ಸಸಿ ಮಾರುವವರು ತೋರಿಸುವ "ನೋಡಿ, ಕರಾವಳಿಯಲ್ಲೂ ಚಿಗುರಿದೆ" ಎಂಬ ಫೋಟೋಗಳೂ ಹೆಚ್ಚಿನವು ಈ ಮೊದಲ ವರ್ಷದ್ದೇ ಇರಬೇಕು ಅಂತ ನನಗೆ ಈಗ ಗುಮಾನಿ.

ಎರಡನೇ ವರ್ಷ ಖಾತೆ ಖಾಲಿ. ನವೆಂಬರು, ಡಿಸೆಂಬರು ಬಂದರೂ ಎಲೆ ಉದುರಲಿಲ್ಲ. ಅಂಚು ಕಂದು, ನಡು ಹಸಿರು, ಅತ್ತ ಹೋಗಲೂ ಇಲ್ಲ ಇತ್ತ ಇರಲೂ ಇಲ್ಲ. ಉದುರುವುದಾದರೂ ಹೇಗೆ? ನಾವಿರುವುದು ಸುಮಾರು 13 ಡಿಗ್ರಿ ಅಕ್ಷಾಂಶದಲ್ಲಿ. ನಮ್ಮ ಅತಿ ಉದ್ದದ ಹಗಲಿಗೂ ಅತಿ ಗಿಡ್ಡ ಹಗಲಿಗೂ ಇರುವ ವ್ಯತ್ಯಾಸ ಒಂದೂವರೆ ಗಂಟೆ. ಈ ಮರದ ಊರಾದ ಜಪಾನಿನ ಕ್ಯೋಟೋದಲ್ಲಿ ಅದು ನಾಲ್ಕೂವರೆ ಗಂಟೆಗೂ ಮಿಕ್ಕಿ. ಅಲ್ಲಿಯ ಮರಕ್ಕೆ ಚಳಿಗಾಲ ಬಂತು ಅಂತ ಆಕಾಶವೇ ಗಂಟೆ ಹೊಡೆದು ಹೇಳುತ್ತದೆ. ಇಲ್ಲಿ ಯಾರು ಹೇಳುವುದು? ಬೆಳಗಿನ ಜಾವ ಕಂಬಳಿ ಎಳೆದುಕೊಳ್ಳುವಷ್ಟು ಚಳಿ ನಮ್ಮಲ್ಲೂ ಉಂಟು ನಿಜ, ಆದರೆ ಅದು ನಮಗೆ ಚಳಿ, ಮೇಪಲಿಗೆ ಅಲ್ಲ. ಘಟ್ಟ ಹತ್ತಿ ಕೊಟ್ಟಿಗೆಹಾರಕ್ಕೆ ಹೋದರೆ ಮಂಜು, ಥಂಡಿ, ಬಿಸಿ ನೀರುದೋಸೆ ಎಲ್ಲ ಸಿಗುತ್ತದೆ, ಆದರೆ ಮೇಪಲಿಗೆ ಬೇಕಾದ ಚಳಿಗಾಲ ಅಲ್ಲೂ ಇಲ್ಲ. ಹಾಗೆ ಈ ವರ್ಷ ಮಾರ್ಚಿಯಲ್ಲಿ ಎರಡು ರೆಂಬೆಯ ತುದಿಯಲ್ಲಿ ಮಾತ್ರ ಚಿಗುರು ಬಂತು. ಕೆಳಗಿನ ಮೊಗ್ಗುಗಳು ಕಣ್ಣು ಬಿಡಲೇ ಇಲ್ಲ. ಒಂದು ರೆಂಬೆಯನ್ನು ಉಗುರಿನಿಂದ ಕೆರೆದು ನೋಡಿದರೆ ಒಳಗೆ ಹಸಿರಿಲ್ಲ.

ಅಳಿಯನಿಗೆ ಫೋನು ಮಾಡಿದೆ. "ಮಾವ, ಫ್ರಿಜ್ಜಿನಲ್ಲಿ ಇಡಿ. ಎಷ್ಟೋ ಜನ ಹಾಗೆ ಮಾಡ್ತಾರೆ" ಅಂದ. ಮೇಪಲಿನ ಬೀಜ ಹಾಕುವವರು ಒದ್ದೆ ಮರಳಿನಲ್ಲಿ ಬೀಜ ಸುತ್ತಿ ಮೂರು ತಿಂಗಳು ಫ್ರಿಜ್ಜಿನಲ್ಲಿ ಇಡುವುದು ನಿಜ, ಇಲ್ಲದಿದ್ದರೆ ಮೊಳಕೆ ಬರುವುದಿಲ್ಲ. ಗಿಡವನ್ನೇ ಇಡುವವರೂ ಇದ್ದಾರಂತೆ. ಆದರೆ ನಮ್ಮ ಮನೆಯ ಫ್ರಿಜ್ಜಿನಲ್ಲಿ ದೋಸೆಹಿಟ್ಟು, ಮಜ್ಜಿಗೆ, ಹಲಸಿನ ಸೊಳೆ, ಬಾಳೆಹಣ್ಣು. ಹಣ್ಣು ಮಾಗುವಾಗ ಹೊರಬರುವ ಎಥಿಲೀನ್ ಅನಿಲ ಮಲಗಿದ ಮೊಗ್ಗಿಗೆ ಒಳ್ಳೆಯದಲ್ಲ. ಅದೂ ಅಲ್ಲದೆ ನಮ್ಮಲ್ಲಿ ಕರೆಂಟು ಯಾವಾಗ ಹೋಗುತ್ತದೆ, ಯಾವಾಗ ಬರುತ್ತದೆ ಅಂತ ದೇವರಿಗೇ ಗೊತ್ತು. ಇದನ್ನೆಲ್ಲ ನಾನು ಹೇಳುವ ಮೊದಲೇ ನನ್ನವಳು ಅಡುಗೆಮನೆಯಿಂದಲೇ ತೀರ್ಪು ಕೊಟ್ಟಾಗಿತ್ತು: "ಫ್ರಿಜ್ಜಿನಲ್ಲಿ ಗಿಡ ಇಡುವುದಾದರೆ ನೀವು ಹಿಟ್ಟನ್ನು ತೋಟದಲ್ಲಿ ಇಟ್ಟುಕೊಳ್ಳಿ."

ಹಾಗಾದರೆ ಎರಡು ವರ್ಷದಲ್ಲಿ ಕಲಿತದ್ದು ಎಂತದೂ ಇಲ್ಲವಾ ಅಂದರೆ, ಬೇಕಾದಷ್ಟು ಉಂಟು. ಅದರಲ್ಲಿ ನನಗೆ ಹೆಚ್ಚು ಖುಷಿ ಕೊಟ್ಟದ್ದು ಮಣ್ಣಿನ ವಿಷಯ. ಬೋನ್ಸಾಯ್ ಕುಂಡಕ್ಕೆ ತೋಟದ ಮಣ್ಣು ಹಾಕಬಾರದು. ಆಳವಿಲ್ಲದ ತಟ್ಟೆಯಂಥ ಕುಂಡದಲ್ಲಿ ನಮ್ಮ ಕೆಂಪುಮಣ್ಣು ಅಂಟಿಕೊಂಡು ಇಟ್ಟಿಗೆಯ ಹಾಗೆ ಆಗುತ್ತದೆ, ಬೇರಿಗೆ ಉಸಿರು ಸಿಗುವುದಿಲ್ಲ. ಜಪಾನಿನವರು ಅಕಡಾಮಾ ಎಂಬ ಜ್ವಾಲಾಮುಖಿಯ ಬೂದಿಯಿಂದಾದ ಕಾಳು ಕಾಳು ಜೇಡಿಯನ್ನು ಹಾಕುತ್ತಾರೆ. ಅದನ್ನು ತರಿಸಲು ಕೇಳಿದ ಬೆಲೆಗೆ ನಾನು ಒಂದು ಮೂಟೆ ಅಕ್ಕಿ ತರುತ್ತಿದ್ದೆ. ಆಗ ನೆನಪಾದದ್ದು ಹಿತ್ತಿಲಿನ ಹಂಚಿನ ರಾಶಿ. ಹಳೆಯ ಹಟ್ಟಿ ಬಿಚ್ಚಿದಾಗ ಒಡೆದ ಹಂಚುಗಳನ್ನೆಲ್ಲ ಅಲ್ಲಿ ಸುರಿದಿದ್ದೆವು. ಮಂಗಳೂರು ಹಂಚು! ಬಾಸೆಲ್ ಮಿಶನ್ನವರು 1865ರಲ್ಲಿ ಮಂಗಳೂರಿನಲ್ಲಿ ಕಾರ್ಖಾನೆ ಹಾಕಿ ಶುರುಮಾಡಿದ್ದು. ನೇತ್ರಾವತಿ, ಗುರುಪುರ ಹೊಳೆಗಳ ಬದಿಯ ಜೇಡಿಮಣ್ಣನ್ನು ಅಚ್ಚು ಹಾಕಿ ಸುಟ್ಟದ್ದು. ಎಷ್ಟು ನೀರು ಬೇಕೋ ಅಷ್ಟು ಹೀರಿಕೊಂಡು ಉಳಿದದ್ದನ್ನು ಕೆಳಗೆ ಬಿಡುತ್ತದೆ. ಸುತ್ತಿಗೆ ತೆಗೆದುಕೊಂಡು ಕುಟ್ಟಿದೆ. ಮೊದಲು ದೊಡ್ಡ ಕಣ್ಣಿನ ಜರಡಿಯಲ್ಲಿ, ಆಮೇಲೆ ಅಕ್ಕಿ ಗಾಳಿಸುವ ಸಣ್ಣ ಜರಡಿಯಲ್ಲಿ ಗಾಳಿಸಿ ಹುಡಿಯನ್ನೆಲ್ಲ ಚೆಲ್ಲಿ, ತೊಗರಿಕಾಳಿನ ಗಾತ್ರದ ಚೂರು ಮಾತ್ರ ಇಟ್ಟುಕೊಂಡೆ. ಹುಡಿ ಇದ್ದರೆ ತಳದಲ್ಲಿ ಕೆಸರಾಗುತ್ತದೆ, ಅದನ್ನು ಮರೆಯಬೇಡಿ. ಮೂರು ಪಾಲು ಹಂಚಿನ ಚೂರಿಗೆ ಒಂದು ಪಾಲು ಚೆನ್ನಾಗಿ ಕಳಿತ ಹಟ್ಟಿಗೊಬ್ಬರ. ಘಟ್ಟದಿಂದ ಹೊಳೆಯಲ್ಲಿ ಇಳಿದ ಮಣ್ಣು ಹಂಚಾಗಿ ವಾಪಸು ಬಂದು ಮೂರು ತಲೆಮಾರು ದನಗಳಿಗೆ ನೆರಳಾಗಿ ಈಗ ನನ್ನ ಕುಂಡದಲ್ಲಿ ಕೂತಿದೆ. (ಆ ದಿನ ಹಂಚು ಕುಟ್ಟುವ ಶಬ್ದಕ್ಕೆ ಆಚೆಮನೆಯವರು ಬಂದು "ಎಂತ, ಪಾಯ ಹಾಕ್ತಾ ಇದ್ದೀರಾ?" ಅಂತ ಕೇಳಿ ಹೋದರು.)

ಎರಡನೆಯದು ಮಳೆ. ವರ್ಷಕ್ಕೆ ನಾಲ್ಕು ಸಾವಿರ ಮಿಲಿಮೀಟರಿನ ಆಸುಪಾಸು ಸುರಿಯುವ ಊರು ನಮ್ಮದು. 2019ರ ಆಗಸ್ಟಿನಲ್ಲಿ ಘಾಟಿಯಲ್ಲಿ ಗುಡ್ಡ ಜರಿದು ರಸ್ತೆ ಬಂದಾಗಿದ್ದು, ಮೃತ್ಯುಂಜಯ ಹೊಳೆ ಉಕ್ಕಿ ತೋಟಗಳ ಮೇಲೆ ಮರಳು, ದಿಮ್ಮಿ ತಂದು ಹಾಕಿದ್ದು ಇಲ್ಲಿಯವರು ಯಾರೂ ಮರೆತಿಲ್ಲ. ಆ ಮಳೆಗೆ ಅಂಗೈಯಗಲದ ಕುಂಡ ಯಾವ ಲೆಕ್ಕ? ಅಡಿಕೆ ಬೆಳೆಗಾರನಿಗೆ ಕೊಳೆರೋಗ ಎಂದರೆ ಎದೆ ಹೊಡೆದುಕೊಳ್ಳುತ್ತದೆ. ಆ ಕೊಳೆ ತರುವ ಫೈಟೋಫ್ತೋರ ಕುಲದ್ದೇ ನೆಂಟರು ಮೇಪಲಿನ ಬೇರನ್ನೂ ಕೊಳೆಸುತ್ತಾರೆ. ಅಡಿಕೆಗೆ ಬೋರ್ಡೋ ದ್ರಾವಣ ಹೊಡೆಯುತ್ತೇವೆ ಸರಿ, ಬೇರಿಗೆ ನೀರು ನಿಲ್ಲದಂತೆ ಮಾಡುವುದೇ ಮದ್ದು. ಕುಂಡದ ಒಂದು ಬದಿಗೆ ಹಂಚಿನ ತುಂಡು ಕೊಟ್ಟು ಓರೆಯಾಗಿ ಇಡುವುದು, ಮಳೆನೀರೆಲ್ಲ ಒಂದು ಮೂಲೆಯ ತೂತಿನಿಂದ ಇಳಿದು ಹೋಗುತ್ತದೆ. ಇಷ್ಟು ಸಣ್ಣ ಉಪಾಯ. ಆಟಿ ತಿಂಗಳ ಜಡಿಮಳೆಯಲ್ಲಿ ಸೂರಿನ ಕೆಳಗೆ, ಆದರೆ ಗಾಳಿ ಆಡುವಲ್ಲಿ. ಮನೆಯೊಳಗೆ ಮೇಜಿನ ಮೇಲಂತೂ ಬೇಡವೇ ಬೇಡ. ಬೋನ್ಸಾಯ್ ಎಂದರೆ ಒಳಗಿಡುವ ಅಲಂಕಾರ ಎಂದು ಅಂಗಡಿಯವರು ನಮ್ಮ ತಲೆಗೆ ತುಂಬಿದ್ದಾರೆ. ಅದು ಮರ ಮಾರಾಯ್ರೆ, ಹೂದಾನಿ ಅಲ್ಲ.

ಬೇಸಿಗೆಯಲ್ಲಿ ಬೆಳಗಿನ ಎಳೆಬಿಸಿಲು ಸಾಕು, ಹತ್ತು ಗಂಟೆಯ ಮೇಲೆ ನೆರಳು. ನಾನು ಮೊದಲ ಏಪ್ರಿಲಿನಲ್ಲಿ ಒಂದು ದಿನ ಮರೆತು ಅಂಗಳದಲ್ಲಿ ಬಿಟ್ಟು ಉಜಿರೆಗೆ ಹೋಗಿದ್ದೆ. ಸಂಜೆ ಬರುವಾಗ ಎಲೆಯ ಅಂಚೆಲ್ಲ ಹಪ್ಪಳ. ಗಾಬರಿಯಲ್ಲಿ ನೀರು ಹೊಯ್ದೆ, ಗೊಬ್ಬರ ಹಾಕಿದೆ, ಸುಟ್ಟ ತುದಿಯನ್ನು ಕತ್ತರಿಸಿದೆ, ಇನ್ನೂ ಸಾಲದು ಅಂತ ಕುಂಡ ಬದಲಿಸಿದೆ. ಹೊಸಬರೆಲ್ಲ ಮಾಡುವ ತಪ್ಪು ಇದೇ. ಗಿಡ ಕಾಯಿಲೆ ಬಿದ್ದಾಗ ಅದಕ್ಕೆ ಬೇಕಾದ್ದು ವಿಶ್ರಾಂತಿ, ನಮಗೆ ಬೇಕಾದ್ದು ಕೈಗೆ ಕೆಲಸ. ಬೇರು ಕತ್ತರಿಸಿದ ವರ್ಷ ಕೊಂಬೆ ಮುಟ್ಟಬಾರದು. ಸರಿಗೆ ಸುತ್ತುವ ಆಸೆ ಇದ್ದರೆ ಅದೂ ಬೇರೆ ವರ್ಷಕ್ಕೆ. ಮೇಪಲಿನ ಸಿಪ್ಪೆ ಬಹಳ ತೆಳು, ಬೆಳೆಯುವ ಕಾಲದಲ್ಲಿ ಸರಿಗೆ ಕಚ್ಚಿ ಕೂತರೆ ಆ ಗುರುತು ವರ್ಷಾನುಗಟ್ಟಲೆ ಹೋಗುವುದಿಲ್ಲ. ಮೊದಲ ವರ್ಷ ಬರೀ ಬದುಕಿಸಿಕೊಳ್ಳಿ, ಆಕಾರ ಆಮೇಲೆ.

ಇನ್ನು ಕೊಳ್ಳುವವರಿಗೆ ಒಂದು ಮಾತು. ಮೇಪಲಿನ ಎಲೆ, ಮೊಗ್ಗು, ರೆಂಬೆ ಯಾವಾಗಲೂ ಎದುರು-ಬದುರು ಜೋಡಿಯಾಗಿ ಬರುತ್ತವೆ. ಒಂದು ಆಚೆ ಒಂದು ಈಚೆ ಪರ್ಯಾಯವಾಗಿ ಬಂದಿದ್ದರೆ ಅದು ಮೇಪಲ್ ಅಲ್ಲ. ಸಿನೆಮಾಗಳಲ್ಲಿ ಕಾಶ್ಮೀರದ ಕೆಂಪು ಎಲೆಯ ಮರ ನೋಡಿ ಮೇಪಲ್ ಅನ್ನುತ್ತೇವಲ್ಲ, ಅದು ಚಿನಾರ್, ಬೇರೆಯೇ ಕುಟುಂಬ. "ನೀಲಿ ಮೇಪಲ್ ಬೀಜ" ಅಂತ ಇಂಟರ್ನೆಟ್ಟಿನಲ್ಲಿ ಮಾರುತ್ತಾರೆ. ನೀಲಿ ಎಲೆಯ ಮೇಪಲ್ ಪ್ರಪಂಚದಲ್ಲೇ ಇಲ್ಲ, ಚಿತ್ರಕ್ಕೆ ಬಣ್ಣ ಬಳಿದದ್ದು. ಏನೇ ಆದರೂ ಮೇಪಲೇ ಬೇಕು ಅಂತ ಹಟ ಇದ್ದವರಿಗೆ ಟ್ರೈಡೆಂಟ್ ಮೇಪಲ್ ಎಂಬ ಚೀನಾದ ಜಾತಿ ಜಪಾನಿನದ್ದಕ್ಕಿಂತ ಸೆಕೆ ತಡೆಯುತ್ತದೆ. ಆದರೆ ಅದಕ್ಕೂ ಚಳಿಗಾಲ ಬೇಕು.

ಈಗ ನನ್ನ ನಿಜವಾದ ತಕರಾರಿಗೆ ಬರುತ್ತೇನೆ. ಬೋನ್ಸಾಯ್ ಎಂದ ಕೂಡಲೇ ಕನ್ನಡದಲ್ಲಿ ಒಂದು ಕವಿತೆ ಹುಟ್ಟುತ್ತದೆ. ಕುಂಡದಲ್ಲಿ ಕುಗ್ಗಿದ ಮರ, ಮನೆಯಲ್ಲಿ ಕುಗ್ಗಿದ ಹೆಣ್ಣು, ಶಾಲೆಯಲ್ಲಿ ಕುಗ್ಗಿದ ಮಗು. ರೂಪಕ ಚೆನ್ನಾಗಿದೆ, ನನಗೂ ಇಷ್ಟವೇ. ನನ್ನ ಕುಂಡ ನೋಡಿ ಒಬ್ಬ ಸ್ನೇಹಿತರು "ಪಾಪ, ಮರದ ಕೈಕಾಲು ಕಡಿದು ಚಂದ ನೋಡ್ತೀರಲ್ಲ" ಅಂದರು. ನಾನು ಕೇಳಿದೆ, ಘಟ್ಟದ ಮೇಲೆ ಮೂಡಿಗೆರೆ ಕಡೆ ವರ್ಷವರ್ಷ ಕಾಫಿ ಗಿಡ ಸವರುವುದಿಲ್ಲವಾ? ಶಂಕರಪುರದ ಮಲ್ಲಿಗೆಯನ್ನು ಕತ್ತರಿಸದಿದ್ದರೆ ನಿಮ್ಮ ಮನೆಯವರ ಮುಡಿಗೆ ಹೂ ಬರುತ್ತದಾ? ಕತ್ತರಿ ಬಿದ್ದಲ್ಲಿ ಎರಡು ಚಿಗುರು ಬರುವುದು ಗಿಡದ ಧರ್ಮ. ನೀರು ಗೊಬ್ಬರ ಸಿಕ್ಕಿ, ಎರಡು ಮೂರು ವರ್ಷಕ್ಕೊಮ್ಮೆ ಬೇರು ಸವರಿ ಹೊಸ ಮಣ್ಣು ಕೊಟ್ಟ ಬೋನ್ಸಾಯ್ ಕಾಡಿನ ತನ್ನ ಅಣ್ಣತಮ್ಮಂದಿರಷ್ಟೇ, ಕೆಲವೊಮ್ಮೆ ಅವರಿಗಿಂತ ಹೆಚ್ಚೇ ಬದುಕುತ್ತದೆ. ವಾಷಿಂಗ್ಟನ್ನಿನ ರಾಷ್ಟ್ರೀಯ ಸಸ್ಯೋದ್ಯಾನದಲ್ಲಿ ಒಂದು ಬಿಳಿ ಪೈನ್ ಉಂಟು. 1625ರಿಂದ ಕುಂಡದಲ್ಲಿದೆ. ಹಿರೋಶಿಮಾದ ಯಮಾಕಿ ಎಂಬ ಬೋನ್ಸಾಯ್ ಮನೆತನದವರು ಅದನ್ನು 1976ರಲ್ಲಿ ಅಮೆರಿಕಕ್ಕೆ ಕೊಟ್ಟರು. 2001ರಲ್ಲಿ ಆ ಮನೆಯ ಮೊಮ್ಮಕ್ಕಳು ಬಂದು ಹೇಳಿದ ಮೇಲೆಯೇ ಅಲ್ಲಿಯವರಿಗೆ ಗೊತ್ತಾದದ್ದು, 1945ರ ಅಣುಬಾಂಬು ಬಿದ್ದಾಗ ಆ ಮರ ಹಿರೋಶಿಮಾದಲ್ಲೇ ಇತ್ತು, ಬದುಕಿ ಉಳಿಯಿತು ಅಂತ. ಬಾಂಬು ಹಾಕಿದ ದೇಶಕ್ಕೆ ಆ ಮರವನ್ನು ಕೊಡುವಾಗ ಒಂದು ಮಾತು ಹೇಳದೆ ಕೊಟ್ಟರಲ್ಲ, ಆ ಮನೆಯವರನ್ನು ನೆನೆದರೆ ನನಗೆ ಗಂಟಲು ಕಟ್ಟುತ್ತದೆ. ಅದು ಬಿಡಿ, ಬೇರೆ ಕಥೆ.

ಹಾಗಾಗಿ ಕತ್ತರಿ ಕ್ರೌರ್ಯ ಅಂತ ನಾನು ಒಪ್ಪುವುದಿಲ್ಲ. ನಾನು ಮಾಡಿದ್ದು ಕ್ರೌರ್ಯ. ಮಲಗಲೇಬೇಕಾದ ಒಂದು ಜೀವವನ್ನು ಎರಡು ವರ್ಷ ಮಲಗಲು ಬಿಡದೆ ದೀಪ ಹಾಕಿ ಕೂರಿಸಿದ್ದೇನೆ. ನೀರು ಕೊಟ್ಟೆ, ನೆರಳು ಕೊಟ್ಟೆ, ಹಂಚು ಕುಟ್ಟಿದೆ, ಚಳಿಗಾಲ ಒಂದು ಕೊಡಲು ನನ್ನಿಂದ ಆಗಲಿಲ್ಲ. ಪ್ರೀತಿ ಇದ್ದರೆ ಏನು ಬೇಕಾದರೂ ಬೆಳೆಯುತ್ತದೆ ಅಂತ ಹೇಳುವವರು ಬಂದು ಈ ಏಳು ಎಲೆ ನೋಡಿ ಹೋಗಲಿ.

ಅಮ್ಮ ಆಗಾಗ ಕೇಳುತ್ತಾರೆ, "ಇದರ ಎಲೆ ಕೆಂಪಾಗುವುದು ಯಾವಾಗ?" ಆಗುವುದಿಲ್ಲ ಅಮ್ಮ. ತಣ್ಣನೆಯ ರಾತ್ರಿ, ಒಳ್ಳೆಯ ಹಗಲು ಬಿಸಿಲು ಎರಡೂ ಸೇರಿದರೇ ಆ ಬಣ್ಣ. ನಮ್ಮ ಘಾಟಿಯಲ್ಲಿ ನಾಗಸಂಪಿಗೆ ಚಿಗುರುವಾಗ ನೋಡಿದ್ದೀರಲ್ಲ, ಇಡೀ ಮರ ಕುಂಕುಮ ಎರಚಿದ ಹಾಗೆ. ನಮ್ಮಲ್ಲಿ ಎಲೆ ಹುಟ್ಟುವಾಗ ಕೆಂಪು, ಅಲ್ಲಿ ಸಾಯುವಾಗ ಕೆಂಪು. ಅದನ್ನು ನೋಡಲು ದುಡ್ಡು ಕೊಡಬೇಕಾಗಿಲ್ಲ, ಕತ್ತೆತ್ತಿದರೆ ಸಾಕು. ನಾವು ಎತ್ತುವುದಿಲ್ಲ.

ಹಟ್ಟಿ ಬಿಚ್ಚಿದಾಗ ಅದರ ಮುರಕಲ್ಲಿನ ಗೋಡೆಯ ಸಂದಿಯಲ್ಲಿ ಒಂದು ಗೋಳಿ ಸಸಿ ಇತ್ತು. ಯಾವುದೋ ಹಕ್ಕಿ ತಿಂದು ಹಾಕಿದ ಬೀಜದ್ದು. ಎಷ್ಟು ವರ್ಷದಿಂದ ಅಲ್ಲಿತ್ತೋ, ಮಣ್ಣೇ ಇಲ್ಲದೆ, ದನ ಬಾಯಿ ಹಾಕಿ ಹಾಕಿ, ನಾವೂ ಕತ್ತಿಯಲ್ಲಿ ಕಡಿದು ಕಡಿದು, ಬುಡ ಮಾತ್ರ ಮುಷ್ಟಿಯಷ್ಟು ದಪ್ಪ, ಎತ್ತರ ಒಂದು ಗೇಣು. ಅದನ್ನು ಕೆಲಸದವರು ಕಿತ್ತು ಎಸೆದಿದ್ದರು. ಹಂಚಿನ ಚೂರು ಮಿಕ್ಕಿತ್ತಲ್ಲ ಅಂತ ಒಂದು ಒಡಕು ಬೋಗುಣಿಯಲ್ಲಿ ಹಾಕಿ ಇಟ್ಟೆ. ಇಪ್ಪತ್ತು ದಿನದಲ್ಲಿ ಚಿಗುರಿತು. ಏಪ್ರಿಲಿನ ಬಿಸಿಲಿಗೆ ಬಾಡಲಿಲ್ಲ, ಆಟಿಯ ಮಳೆಗೆ ಕೊಳೆಯಲಿಲ್ಲ. ಈಗ ರೆಂಬೆಯಿಂದ ಎರಡು ಬಿಳಲಿನ ಎಳೆ ಇಳಿಯುತ್ತಿದೆ. ಒಮ್ಮೆಯೂ ಅದರ ಎಲೆ ಎಣಿಸಿದವನಲ್ಲ ನಾನು. ಬೆಂಗಳೂರಿನ ಲಾಲ್‌ಬಾಗಿನಲ್ಲಿ ಬೋನ್ಸಾಯ್ ತೋಟವೇ ಉಂಟು, ಮೈಸೂರಿನ ಗಣಪತಿ ಸಚ್ಚಿದಾನಂದ ಆಶ್ರಮದಲ್ಲಿ ಕಿಷ್ಕಿಂಧಾ ಮೂಲಿಕಾ ಬೋನ್ಸಾಯ್ ಉದ್ಯಾನ ಉಂಟು. ಮೇಪಲ್ ಕೊಳ್ಳುವ ಮೊದಲು ಅಲ್ಲಿಗೆ ಹೋಗಿ ಆಲ, ಅತ್ತಿ, ಗೋಳಿ ಜಾತಿಯವು ಕುಂಡದಲ್ಲಿ ಎಷ್ಟು ಗತ್ತಿನಿಂದ ಕೂರುತ್ತವೆ ಅಂತ ನೋಡಿ ಬನ್ನಿ.

ಗೋಳಿಯನ್ನು ಕುಂಡದಲ್ಲಿ ಇಟ್ಟರೆ ಮನೆಯ ಏಳಿಗೆ ಕುಗ್ಗುತ್ತದೆ ಅಂತ ಹೇಳಿದವರೂ ಇದ್ದಾರೆ. ಅಡಿಕೆಗೆ ಕೊಳೆರೋಗ, ಹಳದಿರೋಗ, ಎಲೆಚುಕ್ಕಿ ಎಲ್ಲ ಬಂದದ್ದು ಈ ಬೋಗುಣಿಯಿಂದಲಾ ಅಂತ ಕೇಳಿದೆ. ಉತ್ತರ ಬರಲಿಲ್ಲ.

ಮೊನ್ನೆ ಅಳಿಯನಿಗೆ ಹೇಳಿಬಿಟ್ಟೆ. "ದೀಪಾವಳಿಗೆ ಬರ್ತೀಯಲ್ಲ, ಹೋಗುವಾಗ ನಿನ್ನ ಮೇಪಲನ್ನು ವಾಪಸು ತೆಗೆದುಕೊಂಡು ಹೋಗು. ಜೀವ ಉಳಿದಿದ್ದರೆ ಅಲ್ಲಿ ಒಂದು ಚಳಿಗಾಲ ಮಲಗಲಿ."

ಸ್ವಲ್ಪ ಹೊತ್ತು ಆಚೆಯಿಂದ ಶಬ್ದ ಇಲ್ಲ. ಬೇಜಾರಾಯಿತೋ ಏನೋ. ಆಮೇಲೆ, "ಆಯ್ತು ಮಾವ. ಹಾಗಾದ್ರೆ ಅದರ ಬದಲಿಗೆ ನನಗೆ ಒಂದು ಗೋಳಿ ಕೊಡ್ತೀರಾ? ಇಲ್ಲಿ ಕಿಟಕಿಯ ಹತ್ರ ಊರಿನದ್ದು ಅಂತ ಒಂದು ಇರಲಿ."

"ನಿನ್ನ ಹಿಮಕ್ಕೆ ಅದು ಸಾಯ್ತದೆ ಮಾರಾಯ," ಎಂದೆ.